ಪದವಿ ಇಲ್ಲದ ಪಂಡಿತ: ಮಂಜೇಶ್ವರ ಗೋವಿಂದ ಪೈ

ನಮ್ಮ ಹೈಸ್ಕೂಲಿನ ಸುವರ್ಣ ಸಂಚಿಕೆಗೆ ಹಳೆ ವಿದ್ಯಾರ್ಥಿಯಾಗಿ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಮೊದಲು ಶಾಲೆಯ ನೆನಪುಗಳನ್ನೇ ಬರೆಯಲು ಕುಳಿತೆ. ಆದರೆ ಮಳೆಗಾಲದಲ್ಲಿ ಸೋರುತ್ತಿದ್ದ ಮಾಡು, ಆಟದ ಬಯಲು, ಮಾಸ್ಟ್ರ ಬೆತ್ತ, ಇವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಹಾಗಾಗಿ ಈ ಶಾಲೆ ನನಗೆ ಪರಿಚಯ ಮಾಡಿಕೊಟ್ಟ ಒಬ್ಬ ದೊಡ್ಡವರ ಬಗ್ಗೆ ಬರೆಯುತ್ತೇನೆ.

ಒಂಬತ್ತನೆಯ ತರಗತಿಯಲ್ಲಿ ನಮ್ಮನ್ನು ಕಾಪುವಿನಿಂದ ಕಾರ್ಕಳಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಗೊಮ್ಮಟಬೆಟ್ಟದ ಮೆಟ್ಟಿಲು ಹತ್ತಿ, ಸುಮಾರು 42 ಅಡಿ ಎತ್ತರದ ಆ ಮೂರ್ತಿಯ ಕೆಳಗೆ ಏದುಸಿರು ಬಿಡುತ್ತ ನಿಂತಿದ್ದೆವು. ನಮ್ಮ ಕನ್ನಡ ಮಾಸ್ಟ್ರು ನೋಟ್ಸ್ ಬರೆದುಕೊಳ್ಳಲು ಹೇಳಿದರು. ಈ ಮೂರ್ತಿಯನ್ನು ವೀರಪಾಂಡ್ಯ ಅರಸ ಪ್ರತಿಷ್ಠೆ ಮಾಡಿಸಿದ್ದು 1432ರ ಫೆಬ್ರವರಿ 13ರಂದು ಎಂದರು. ಅಷ್ಟು ಸರಿಯಾಗಿ ಹೇಗೆ ಗೊತ್ತು ಎಂದು ನಮ್ಮಲ್ಲೊಬ್ಬ ಕೇಳಿದ. ಇಲ್ಲಿ ಶಾಸನ ಇದೆ, ಶಕವರ್ಷ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ ಎಂದು ಕಲ್ಲೇ ಹೇಳುತ್ತದೆ ಎಂದರು. ಹಾಗಾದರೆ ಶ್ರವಣಬೆಳಗೊಳದ ದೊಡ್ಡ ಗೊಮ್ಮಟನ ದಿನ ಎಂದು? ಅಲ್ಲಿನ ಕಲ್ಲು ಆ ದಿನವನ್ನು ಹೇಳುವುದಿಲ್ಲ, ಅದನ್ನು ಲೆಕ್ಕ ಹಾಕಿ ತೆಗೆಯಬೇಕು, ಹಾಗೆ ಲೆಕ್ಕ ಹಾಕಿದವರಲ್ಲಿ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು, ಅವರು ಬಿ.ಎ. ಕೂಡ ಪೂರ್ತಿ ಮಾಡಿದವರಲ್ಲ ಎಂದರು ಮಾಸ್ಟ್ರು.

ಪಠ್ಯಪುಸ್ತಕದಲ್ಲಿ ರಾಷ್ಟ್ರಕವಿ ಎಂದು ಓದಿದ್ದ ಹೆಸರು ಅದು. ಬಿ.ಎ. ಪೂರ್ತಿ ಮಾಡದವರು ಎಂಬ ಮಾತು ಮಾತ್ರ ನನಗೆ ಹೊಸತು. ಮನೆಯಲ್ಲಿ ಮಾರ್ಕಿನದೇ ಚಿಂತೆ ಇದ್ದ ಹುಡುಗನಿಗೆ ಅದು ಮರೆಯುವ ಮಾತಾಗಿರಲಿಲ್ಲ.

ಗೋವಿಂದ ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು, ತಾಯಿಯ ತವರಾದ ಮಂಜೇಶ್ವರದಲ್ಲಿ. ತಂದೆ ಮಂಗಳೂರಿನ ಸಾಹುಕಾರ್ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮನೆಮಾತು ಕೊಂಕಣಿ, ಸುತ್ತಲಿನವರ ಮಾತು ತುಳು, ಶಾಲೆಯ ಮಾತು ಕನ್ನಡ, ತುಸು ತೆಂಕಕ್ಕೆ ಹೋದರೆ ಮಲಯಾಳ. ಆಗ ಮಂಗಳೂರು, ಉಡುಪಿ, ಕಾಸರಗೋಡು ಎಲ್ಲವೂ ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ ಜಿಲ್ಲೆಯೊಳಗೆ ಇದ್ದವು. ಮಂಗಳೂರಿನಲ್ಲಿ ಶಾಲೆ ಕಲಿತು, ಬಿ.ಎ.ಗೆ ಮದ್ರಾಸಿನ ಕ್ರಿಶ್ಚಿಯನ್ ಕಾಲೇಜು ಸೇರಿದರು. ಕೊನೆಯ ಪರೀಕ್ಷೆಯ ಹೊತ್ತಿಗೆ ತಂದೆಯ ಕಾರಣದಿಂದ ಊರಿಗೆ ಮರಳಬೇಕಾಯಿತು. ಬರೆದ ಇಂಗ್ಲಿಷ್ ಪರೀಕ್ಷೆಯಲ್ಲಿ ಚಿನ್ನದ ಪದಕ ಬಂತು, ಉಳಿದವನ್ನು ಬರೆಯದ ಕಾರಣ ಪದವಿ ಬರಲಿಲ್ಲ. ತಂದೆ ತೀರಿಕೊಂಡ ಮೇಲೆ ಹಿರಿಮಗನ ಹೊಣೆ ಹೆಗಲಿಗೆ ಬಿತ್ತು. ಅವರು ಮತ್ತೆ ಆ ಪರೀಕ್ಷೆಗೆ ಕೂರಲಿಲ್ಲ.

ಅಲ್ಲಿಂದ ಮುಂದೆ ಅವರ ಓದು ನಡೆದದ್ದು ಹೆಚ್ಚಾಗಿ ಮಂಜೇಶ್ವರದ ಮನೆಯಲ್ಲೇ. ಆ ಕಾಲದಲ್ಲಿ ಅಲ್ಲಿ ಯೂನಿವರ್ಸಿಟಿ ಇಲ್ಲ, ದೊಡ್ಡ ಲೈಬ್ರರಿ ಇಲ್ಲ, ಗ್ರೀಕ್ ಕಲಿಸುವ ಗುರು ಹತ್ತಿರದಲ್ಲಿ ಇಲ್ಲ. ಪುಸ್ತಕ ತರಿಸಿಕೊಳ್ಳಬೇಕು, ತಾನೇ ಓದಬೇಕು, ತಾನೇ ತಪ್ಪು ತಿದ್ದಿಕೊಳ್ಳಬೇಕು. ಹೀಗೆ ಸಂಸ್ಕೃತ, ಪಾಲಿ, ಪ್ರಾಕೃತಗಳು, ಬಂಗಾಳಿ, ಮರಾಠಿ, ಗ್ರೀಕ್, ಲ್ಯಾಟಿನ್ ಎಂದು ಒಂದೊಂದಾಗಿ ಅವರ ಮನೆಯೊಳಗೆ ಬಂದವು. ಅವರಿಗೆ ಇಪ್ಪತ್ತೈದು ಭಾಷೆ ಗೊತ್ತಿತ್ತು ಎಂಬ ಮಾತು ನಮ್ಮ ಕಡೆ ಪ್ರಸಿದ್ಧ. ಲೆಕ್ಕ ಎಷ್ಟೇ ಇರಲಿ, ಅವರು ಭಾಷೆ ಕಲಿತದ್ದು ಎಣಿಸಿ ಹೇಳಲಿಕ್ಕಲ್ಲ. ಬುದ್ಧನ ಬಗ್ಗೆ ಬರೆಯಬೇಕಾದರೆ ಪಾಲಿ ಬೇಕು, ಜೈನರ ಹಳೆಯ ಕಥೆ ಬೇಕಾದರೆ ಪ್ರಾಕೃತ ಬೇಕು, ನಮ್ಮ ಕರಾವಳಿಗೆ ಹಡಗಿನಲ್ಲಿ ಬಂದು ಹೋದವರ ಬರಹ ಬೇಕಾದರೆ ಗ್ರೀಕ್ ಬೇಕು. ಬೇಕಾದ್ದನ್ನು ಮೂಲದಲ್ಲೇ ಓದಬೇಕೆಂಬ ಹಟ ಅವರದು.

ಹೀಗೆ ಕಾಲೇಜಿನ ಹೊರಗೆ ಕೂತು ಹಳೆಯ ಭಾಷೆಗಳನ್ನು ಗೆದ್ದವರು ಲೋಕದಲ್ಲಿ ಬೇರೆಯವರೂ ಇದ್ದಾರೆ. ಮೆಸಪೊಟೇಮಿಯದ, ಅಂದರೆ ಇಂದಿನ ಇರಾಕಿನ, ಮಣ್ಣಿನ ಹಲಗೆಗಳ ಮೇಲಿನ ಮೊಳೆಯಾಕಾರದ ಲಿಪಿಯನ್ನು ಓದಿದ ಜಾರ್ಜ್ ಸ್ಮಿತ್ ಎಂಬ ಇಂಗ್ಲಿಷಿನವನು ಹದಿನಾಲ್ಕಕ್ಕೆ ಶಾಲೆ ಬಿಟ್ಟು, ನೋಟು ಅಚ್ಚು ಹಾಕುವ ತಗಡಿನ ಮೇಲೆ ಕೊರೆಯುವ ಕೆಲಸಕ್ಕೆ ಸೇರಿದವನು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ ಆ ಹಲಗೆಗಳನ್ನು ನೋಡುತ್ತಿದ್ದ. 1872ರಲ್ಲಿ ಗಿಲ್ಗಮೆಶ್ ಕಥೆಯ ಜಲಪ್ರಳಯದ ಭಾಗವನ್ನು ಮೊದಲು ಓದಿ ಲೋಕಕ್ಕೆ ಹೇಳಿದವನು ಅವನೇ. ಅದಾಗಿ ಹನ್ನೊಂದು ವರ್ಷಕ್ಕೆ ನಮ್ಮ ಪೈಗಳು ಹುಟ್ಟಿದರು. ಹೂತುಹೋದ ಬರಹಗಳು ಒಂದೊಂದಾಗಿ ಬಾಯಿ ಬಿಡುತ್ತಿದ್ದ ಕಾಲ ಅದು. ಆ ಅಲೆ ನಮ್ಮ ಮಲ್ಪೆಯ ದಡಕ್ಕೂ ಬಂದು ತಾಗಿತು.

ಆ ಕಥೆ ಹೀಗಿದೆ. ಈಜಿಪ್ಟಿನಲ್ಲಿ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬಿಬ್ಬರು ಅಗೆದರು. ಮಳೆ ಕಾಣದ ಮರಳಾದ್ದರಿಂದ ಸಾವಿರಾರು ಪಪೈರಸ್ ಹಾಳೆಗಳು ಅಲ್ಲಿ ಉಳಿದಿದ್ದವು. ನಮ್ಮ ಕರಾವಳಿಯ ಮಳೆಗಾದರೆ ಒಂದೂ ಉಳಿಯುತ್ತಿರಲಿಲ್ಲ. 1903ರಲ್ಲಿ ಅವರು ಅಚ್ಚು ಹಾಕಿಸಿದ ಸಂಪುಟದಲ್ಲಿ 413ನೆಯ ಸಂಖ್ಯೆಯದು ಒಂದು ಗ್ರೀಕ್ ಪ್ರಹಸನ. ಹಾಳೆ ಕ್ರಿ.ಶ. ಎರಡನೆಯ ಶತಮಾನದ್ದು. ಚಾರಿಟಿಯನ್ ಎಂಬ ಗ್ರೀಕ್ ಹೆಣ್ಣುಮಗಳು ಇಂಡಿಯಾದ ಕಡಲತೀರದ ಒಂದು ದೇವಸ್ಥಾನದಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ. ಅವಳ ಅಣ್ಣ ಹಡಗಿನಲ್ಲಿ ಬಂದು, ಅಲ್ಲಿನ ಅರಸನಿಗೆ ನೀರು ಬೆರೆಸದ ಮದ್ಯ ಕುಡಿಸಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ಕುತೂಹಲ ಇರುವುದು ಅರಸನ ಮತ್ತು ಅವನ ಜನರ ಮಾತುಗಳಲ್ಲಿ. ಅವು ಗ್ರೀಕ್ ಅಕ್ಷರದಲ್ಲಿ ಇವೆ, ಆದರೆ ಗ್ರೀಕ್ ಅಲ್ಲ.

ಮದ್ರಾಸ್ ಸರಕಾರದಲ್ಲಿ ಶಾಸನತಜ್ಞರಾಗಿದ್ದ ಹುಲ್ಟ್ಶ್ ಎಂಬ ಜರ್ಮನ್ ವಿದ್ವಾಂಸರು 1904ರಲ್ಲಿ ಆ ಮಾತುಗಳಲ್ಲಿ ಕನ್ನಡ ಇದೆ ಎಂದು ಬರೆದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಇನ್ನೂ ಹೆಚ್ಚಿನ ಮಾತುಗಳನ್ನು ಕನ್ನಡವೆಂದು ಬಿಡಿಸಿದರು. 1926ರಲ್ಲಿ ಬಾರ್ನೆಟ್ ಎಂಬವರು ಇದು ಕನ್ನಡ ಎಂಬುದಕ್ಕೆ ಆಧಾರ ಸಾಲದು ಎಂದು ವಾದಿಸಿದರು. ತುಳುವ ಚರಿತ್ರೆ ಬರೆದ ಬಿ.ಎ. ಸಾಲೆತ್ತೂರರು ಆ ಕಡಲತೀರ ನಮ್ಮ ಮಲ್ಪೆಯ ಬಳಿಯ ವಡಭಾಂಡೇಶ್ವರ ಎಂದರು. ಮುಂದೆ ಅದು ತುಳು ಎಂದು ವಾದಿಸಿದವರೂ ಬಂದರು. ಈ ದೊಡ್ಡ ಚರ್ಚೆಯಲ್ಲಿ ಮಂಜೇಶ್ವರದ ಮನೆಯಿಂದ ಸೇರಿಕೊಂಡವರು ಗೋವಿಂದ ಪೈಗಳು. ಜರ್ಮನಿ, ಲಂಡನ್, ಮೈಸೂರಿನ ಪಂಡಿತರು ತೂಗಿ ನೋಡುತ್ತಿದ್ದ ಮಾತುಗಳನ್ನು ಇವರೂ ತಮ್ಮ ತಕ್ಕಡಿಯಲ್ಲಿ ಇಟ್ಟು ತೂಗಿದರು.

ಈಗ ಪ್ರತಿ ವರ್ಷ ರಾಜ್ಯೋತ್ಸವದ ಹೊತ್ತಿಗೆ ನನ್ನ ವಾಟ್ಸಾಪಿಗೆ ಒಂದು ಸಂದೇಶ ಬರುತ್ತದೆ. ಎರಡು ಸಾವಿರ ವರ್ಷದ ಹಿಂದೆ ಗ್ರೀಕರು ಮಲ್ಪೆಯಲ್ಲಿ ಕನ್ನಡ ಮಾತಾಡಿದ್ದರು, ಇದು ಸಾಬೀತಾಗಿದೆ ಎಂದು ಅದರಲ್ಲಿ ಇರುತ್ತದೆ. ನಾನೂ ಒಂದು ವರ್ಷ ಅದನ್ನು ನಮ್ಮ ಬ್ಯಾಚಿನ ಗುಂಪಿಗೆ ಹಾಕಿದ್ದೆ. ಆಮೇಲೆ ಓದಿ ನೋಡಿದಾಗ ಗೊತ್ತಾಯಿತು, ಅದು ಸಾಬೀತಾದ ಸಂಗತಿಯಲ್ಲ, ನಡೆಯುತ್ತಿರುವ ವಾದ. ಹಾಳೆಯಲ್ಲಿ ಇರುವುದು ಗ್ರೀಕ್ ಕಿವಿಗೆ ಕೇಳಿದ ಹಾಗೆ ಬರೆದ ಸದ್ದು. ನಕಲು ಮಾಡಿದವನು ಅದನ್ನು ಎಲ್ಲಿ ಕಡಿದನೋ, ಎಲ್ಲಿ ಕೂಡಿಸಿದನೋ ಹೇಳಲಾಗದು. ನಮ್ಮ ಊರಿನ ಹೆಸರು ಎಂದ ಕೂಡಲೇ ಕಣ್ಣು ಮುಚ್ಚಿ ನಂಬುವುದು ಊರಿನ ಪ್ರೀತಿ ಇರಬಹುದು, ವಿದ್ಯೆಯಲ್ಲ. ಈ ವ್ಯತ್ಯಾಸವನ್ನು ನನಗೆ ಸ್ಪಷ್ಟ ಮಾಡಿಕೊಟ್ಟದ್ದು ಪೈಗಳ ಗೊಮ್ಮಟನ ಕೆಲಸ. ಕಾರ್ಕಳದ ಬೆಟ್ಟದಲ್ಲಿ ಮಾಸ್ಟ್ರು ಹೇಳಿ ಬಿಟ್ಟಿದ್ದ ಆ ಲೆಕ್ಕಕ್ಕೆ ಈಗ ಬರುತ್ತೇನೆ.

ಬೆಳಗೊಳದ ಗೊಮ್ಮಟನನ್ನು ಮಾಡಿಸಿದ್ದು ಗಂಗರ ಮಂತ್ರಿ ಚಾವುಂಡರಾಯ. ಬಾಹುಬಲಿ ಚರಿತ ಎಂಬ, ಶತಮಾನಗಳ ನಂತರದ ಒಂದು ಕೃತಿಯಲ್ಲಿ ಪ್ರತಿಷ್ಠೆಯ ದಿನದ ವಿವರ ಇದೆ. ಕಲ್ಕಿ ವರ್ಷ 600, ವಿಭವ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಭಾನುವಾರ, ಜತೆಗೆ ನಕ್ಷತ್ರ, ಯೋಗ, ಲಗ್ನ. ಇಷ್ಟು ವಿವರ ಇದ್ದ ಮೇಲೆ ದಿನ ತೆಗೆಯುವುದು ಸುಲಭ ಅನ್ನಿಸುತ್ತದೆ. ಆದರೆ ಕಲ್ಕಿ ಶಕ ಎಲ್ಲಿಂದ ಸುರುವಾಯಿತು ಎಂಬುದರಲ್ಲೇ ಒಮ್ಮತ ಇಲ್ಲ. ಇನ್ನು ವಿಭವ ಎಂಬುದು ಅರುವತ್ತು ವರ್ಷಕ್ಕೊಮ್ಮೆ ಬರುವ ಸಂವತ್ಸರ. ನಮ್ಮ ಪಂಚಾಂಗದ ಸುತ್ತಿನಲ್ಲಿ ಹಿಂದಕ್ಕೆ ಎಣಿಸಿದರೆ ಅದು 968ರಲ್ಲಿ ಬರುತ್ತದೆ, ಆಮೇಲೆ 1028ರಲ್ಲಿ. ಚಾವುಂಡರಾಯ ತನ್ನ ಪುರಾಣವನ್ನು ಮುಗಿಸಿದ್ದು 978ರಲ್ಲಿ, ಅದರಲ್ಲಿ ಈ ಮೂರ್ತಿಯ ಮಾತಿಲ್ಲ. ಇಷ್ಟು ದೊಡ್ಡ ಕೆಲಸ ಆಗಿದ್ದರೆ ಹೇಳದೆ ಬಿಡುತ್ತಿದ್ದನೇ? 993ರ ರನ್ನನ ಅಜಿತಪುರಾಣದಲ್ಲಿ ಅತ್ತಿಮಬ್ಬೆ ಆ ದೇವರ ದರ್ಶನಕ್ಕೆ ಹೋದ ಪ್ರಸಂಗ ಇದೆ. ಹಾಗಾದರೆ ಮೂರ್ತಿ ನಿಂತದ್ದು ಈ ಎರಡು ವರ್ಷಗಳ ನಡುವೆ. ಆ ನಡುವೆ ವಿಭವವೇ ಬರುವುದಿಲ್ಲ. ಎಲ್ಲ ವಿವರಗಳನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಆಗುವುದಿಲ್ಲ, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಬೇಕು. ಕೆಲವರು 980 ಎಂದರು, ವಿಭವವನ್ನು ಬಿಡದವರು 1028ರ ತನಕ ಹೋದರು.

ಗೋವಿಂದ ಪೈಗಳು ತೆಗೆದ ದಿನ ಕ್ರಿ.ಶ. 981ರ ಮಾರ್ಚ್ 13. ಇದು ರನ್ನನಿಗೂ ಚಾವುಂಡರಾಯನಿಗೂ ಒಪ್ಪುವ ಕಾಲ. ನಾನು ಪಂಚಾಂಗ ಬಲ್ಲವನಲ್ಲ. ಆದರೆ ಕಂಪ್ಯೂಟರಿನಲ್ಲಿ ಹತ್ತು ಸಾಲಿನ ಒಂದು ಪ್ರೋಗ್ರಾಮ್ ಬರೆದು ವಾರ ಮಾತ್ರ ನೋಡಿದೆ. 981ರ ಮಾರ್ಚ್ 13 ಭಾನುವಾರ. ಅದೇ ಪ್ರೋಗ್ರಾಮಿಗೆ ಕಾರ್ಕಳದ 1432ರ ಫೆಬ್ರವರಿ 13 ಕೊಟ್ಟೆ, ಬುಧವಾರ ಎಂದಿತು. ಶಾಸನದಲ್ಲಿ ಇರುವುದೂ ಬುಧವಾರವೇ. ನನ್ನ ಯಂತ್ರಕ್ಕೆ ಇದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಪೈಗಳು ತಿಥಿ, ವಾರ, ನಕ್ಷತ್ರಗಳನ್ನೆಲ್ಲ ಕೈಯಲ್ಲೇ ಲೆಕ್ಕ ಹಾಕಬೇಕಿತ್ತು. ಲೆಕ್ಕಕ್ಕಿಂತ ಕಷ್ಟದ ಕೆಲಸ ಯಾವ ಆಧಾರಕ್ಕೆ ಎಷ್ಟು ಬೆಲೆ ಎಂದು ನಿರ್ಧರಿಸುವುದು. ಅದನ್ನು ಮಾಡುವ ಪ್ರೋಗ್ರಾಮ್ ನನಗಂತೂ ಬರೆಯಲು ಬರುವುದಿಲ್ಲ. 1981ರಲ್ಲಿ ಬೆಳಗೊಳದಲ್ಲಿ ಗೊಮ್ಮಟನಿಗೆ ಸಾವಿರ ವರ್ಷವೆಂದು ಮಹಾಮಸ್ತಕಾಭಿಷೇಕ ನಡೆಯಿತು.

ಗೊಮ್ಮಟ ಎಂಬ ಹೆಸರಿನ ಮೂಲದ ಬಗ್ಗೆಯೂ ಪೈಗಳು ಬರೆದರು. ಜೈನರ ಪರಂಪರೆಯಲ್ಲಿ ಬಾಹುಬಲಿ ಕಾಮದೇವ, ಅಂದರೆ ಮನ್ಮಥನ ರೂಪದವನು. ಸಂಸ್ಕೃತದ ಮನ್ಮಥ ಪ್ರಾಕೃತದ ದಾರಿಯಲ್ಲಿ ಸವೆದು ಗೊಮ್ಮಟ ಆಯಿತು ಎಂಬುದು ಅವರ ವಾದ. ನಮ್ಮ ಕಡೆಯ ಕೊಂಕಣಿಯಲ್ಲಿ ಗೊಮ್ಟೊ ಅಂದರೆ ಚೆಂದದವನು ಎಂದು ಅರ್ಥ. ಕೊಂಕಣಿ ಮನೆಯಲ್ಲಿ ಬೆಳೆದವರಿಗೆ ಕಾರ್ಕಳದ ಬೆಟ್ಟದ ಮೇಲಿನ ಹೆಸರು ಅಡುಗೆಮನೆಯ ಮಾತಿನಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಈ ವಾದವನ್ನು ಪ್ರಾಕೃತದ ಮಹಾವಿದ್ವಾಂಸ ಎ.ಎನ್. ಉಪಾಧ್ಯೆಯವರು ಒಪ್ಪಲಿಲ್ಲ. ಅವರು ಬೆಳಗಾವಿ ಕಡೆಯ ಸದಲಗದವರು, ಕೊಲ್ಹಾಪುರದಲ್ಲಿ ಪ್ರಾಧ್ಯಾಪಕರಾಗಿದ್ದವರು. ಪ್ರಾಕೃತದ ನಿಯಮದಲ್ಲಿ ಮನ್ಮಥ ಗೊಮ್ಮಟ ಆಗಲಾರದು, ಗೊಮ್ಮಟ ಎಂಬುದು ಚಾವುಂಡರಾಯನ ಮನೆಯ ಹೆಸರು, ಅವನ ದೇವರು ಗೊಮ್ಮಟೇಶ್ವರ ಎಂದು ಅವರು ಆಧಾರ ಕೊಟ್ಟು ಬರೆದರು. ಉಪಾಧ್ಯೆಯವರ ವಾದಕ್ಕೆ ದೊಡ್ಡ ಬಲ ಇದೆ ಎಂದು ಎರಡನ್ನೂ ಓದಿದ ನನಗೂ ತೋರಿತು.

ಹಾಗಾದರೆ ಪೈಗಳು ಸೋತರೇ? ಹಾಗೆ ನನಗೆ ಕಾಣುವುದಿಲ್ಲ. ಪದವಿ ಇಲ್ಲದ ಒಬ್ಬರು ಮಂಜೇಶ್ವರದಿಂದ ಬರೆದದ್ದನ್ನು ಅಂಥ ವಿದ್ವಾಂಸರು ಸಾಲುಸಾಲಾಗಿ ಪರೀಕ್ಷಿಸಿ ಉತ್ತರ ಕೊಡಬೇಕಾಯಿತು. ಅವರ ವಾದ ಪರೀಕ್ಷೆಗೆ ಸಿಗುವಂತೆ ಇತ್ತು. ಯಾವ ನಿಯಮ, ಯಾವ ಗ್ರಂಥ, ಯಾವ ದಿನ ಎಂದು ಬಿಡಿಸಿ ಹೇಳಿದ್ದರು. ಬಿಡಿಸಿ ಹೇಳಿದ್ದರಿಂದಲೇ ತಪ್ಪಿದ್ದರೆ ತಪ್ಪೆಂದು ತೋರಿಸಲು ಸಾಧ್ಯವಾಯಿತು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹೀಗೆಯೇ. ಬರೆದ ಕೋಡನ್ನು ಇನ್ನೊಬ್ಬರು ತೆರೆದು ನೋಡಿ ತಪ್ಪು ಹುಡುಕುವಂತೆ ಇಡದಿದ್ದರೆ ಅದನ್ನು ಯಾರೂ ನಂಬುವುದಿಲ್ಲ.

ಸಂಶೋಧನೆ ಇಷ್ಟು ಹೇಳಿ ಕಾವ್ಯದ ಮಾತು ಬಿಟ್ಟರೆ ಅನ್ಯಾಯವಾದೀತು. ಕನ್ನಡ ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕೆಂಬ ಪ್ರಾಸದ ಕಟ್ಟಳೆ ಆಗ ಬಹಳ ಬಿಗಿಯಾಗಿತ್ತು. ಪ್ರಾಸ ಇಲ್ಲದ್ದು ಪದ್ಯವೇ ಅಲ್ಲ ಎನ್ನುವವರು ಇದ್ದರು. ಹಳೆಯದನ್ನು ಇಷ್ಟು ಬಲ್ಲ ಪೈಗಳೇ 1911ರಲ್ಲಿ ಪ್ರಾಸವನ್ನು ಬಿಟ್ಟು ಬರೆದರು, ಬೈಗುಳವನ್ನೂ ತಿಂದರು. ಮೊದಲ ಕವನ ಸಂಗ್ರಹ ಗಿಳಿವಿಂಡು 1930ರಲ್ಲಿ ಬಂತು. ಏಸುವಿನ ಕೊನೆಯ ದಿನದ ಬಗ್ಗೆ ಗೊಲ್ಗೊಥಾ, ಬುದ್ಧನ ಕೊನೆಯ ದಿನದ ಬಗ್ಗೆ ವೈಶಾಖಿ ಎಂಬ ಖಂಡಕಾವ್ಯಗಳನ್ನು ಬರೆದರು. ಕೃಷ್ಣನ ಮತ್ತು ಗಾಂಧೀಜಿಯ ಕೊನೆಯ ದಿನಗಳ ಬಗ್ಗೆ ಬರೆಯಲು ಹೊರಟದ್ದು ಪೂರ್ತಿಯಾಗಲಿಲ್ಲ. ಏಕಲವ್ಯನ ಕಥೆಯನ್ನು ಹೆಬ್ಬೆರಳು ಎಂಬ ನಾಟಕ ಮಾಡಿದರು, ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. ಪತ್ನಿ ಬೇಗನೆ ತೀರಿಕೊಂಡರು. ಆ ದುಃಖದಿಂದ ನಂದಾದೀಪದ ಕವಿತೆಗಳು ಹುಟ್ಟಿದವು.

1949ರಲ್ಲಿ ಮದ್ರಾಸ್ ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟಿತು. ಕನ್ನಡದಲ್ಲಿ ಆ ಬಿರುದು ಪಡೆದ ಮೊದಲಿಗರು ಅವರು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಐದು ವರ್ಷ ಕಳೆದು 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ನಾವು ಶಾಲೆಯಲ್ಲಿ ಬಾವುಟ ಹಾರಿಸಿ ಸಿಹಿ ತಿನ್ನುವ ದಿನ ಅದು. ಅದೇ ದಿನ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು, ಅದರೊಳಗೆ ಮಂಜೇಶ್ವರವೂ. ಕನ್ನಡದ ರಾಷ್ಟ್ರಕವಿ ತನ್ನ ಮನೆಯ ಜಗಲಿ ಬಿಟ್ಟು ಕದಲದೆಯೇ ಕನ್ನಡ ರಾಜ್ಯದ ಹೊರಗಾದರು. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಆ ನೆಲವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಜೀವಮಾನವಿಡೀ ದುಡಿದರು. ಚಂದ್ರಗಿರಿ ಹೊಳೆಯ ಬಡಗಿನ ಭಾಗ ಕರ್ನಾಟಕಕ್ಕೆ ಬರಬೇಕೆಂದು ಮುಂದೆ ಮಹಾಜನ್ ಆಯೋಗ ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ. ಆ ಶಿಫಾರಸನ್ನು ಕೇಳಲಿಕ್ಕೂ ಪೈಗಳು ಇರಲಿಲ್ಲ. 1963ರ ಸೆಪ್ಟೆಂಬರ್ 6ರಂದು, ಎಂಬತ್ತನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡಿದ್ದರು.

ಅವರಿದ್ದ ಊರು ಗಡಿಯ ಆಚೆ ಉಳಿಯಿತು, ಪುಸ್ತಕಗಳು ಈಚೆ ಬಂದವು. ಜೀವಮಾನದಲ್ಲಿ ಕೂಡಿಸಿದ್ದ ಅವರ ಗ್ರಂಥಭಂಡಾರ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಸೇರಿತು. 1949ರಲ್ಲಿ ಡಾ. ಟಿ.ಎಂ.ಎ. ಪೈಗಳು ಸುರು ಮಾಡಿದ ಕಾಲೇಜು ಅದು. ಪ್ರಿನ್ಸಿಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರ ಕಾಲದಲ್ಲಿ ಅಲ್ಲಿ ಗೋವಿಂದ ಪೈ ಸಂಶೋಧನ ಕೇಂದ್ರ ಬೆಳೆಯಿತು. ಪೈಗಳ ಸಂಶೋಧನ ಬರಹಗಳನ್ನು ಒಂದು ದೊಡ್ಡ ಸಂಪುಟವಾಗಿ ತಂದದ್ದೂ ಅದೇ ಕೇಂದ್ರ. ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರ ನಡುವೆ ಆರು ಸಂಪುಟಗಳ ತುಳು ನಿಘಂಟು ಹೊರಬಂದದ್ದೂ ಅಲ್ಲಿಂದಲೇ. ಕೊಂಕಣಿ ಮನೆಮಾತಿನ, ಕನ್ನಡದಲ್ಲಿ ಬರೆದ ಒಬ್ಬರ ಹೆಸರಿನ ಕೇಂದ್ರ ತುಳುವಿಗೆ ನಿಘಂಟು ಕಟ್ಟಿ ಕೊಟ್ಟಿತು. ಅತ್ತ ಮಂಜೇಶ್ವರದಲ್ಲಿ ಅವರ ಮನೆಯನ್ನು ಗಿಳಿವಿಂಡು ಎಂಬ ಹೆಸರಿನ ಸ್ಮಾರಕ ಮಾಡಿದ್ದಾರೆ, ಅಲ್ಲಿನ ಸರಕಾರಿ ಕಾಲೇಜಿಗೂ ಅವರದೇ ಹೆಸರು.

ಕಾಪುವಿನಿಂದ ಮಣಿಪಾಲದ ಆಫೀಸಿಗೆ ದಿನಾ ಬಸ್ಸಿನಲ್ಲಿ ಹೋಗುವ ನನಗೆ ಕುಂಜಿಬೆಟ್ಟಿನಲ್ಲಿ ಎಂ.ಜಿ.ಎಂ. ಕಾಲೇಜು ದಾರಿಯಲ್ಲೇ ಸಿಗುತ್ತದೆ. ವರ್ಷಗಟ್ಟಲೆ ಅದರ ಮುಂದೆ ಮೊಬೈಲ್ ನೋಡುತ್ತ ಹೋದವನು ನಾನು. ಆ ವಾಟ್ಸಾಪ್ ಸಂದೇಶದ ನಿಜ ಸುಳ್ಳು ತಿಳಿಯಬೇಕೆಂದು ಒಂದು ಶನಿವಾರ ಅಲ್ಲಿ ಇಳಿದೆ. ಬಿ.ಇ. ಕಲಿಯುವಾಗ ಪರೀಕ್ಷೆಗೆ ಬಾರದ ಒಂದು ಪುಟವನ್ನೂ ನಾನು ಓದಿದವನಲ್ಲ. ಯಾವ ಪರೀಕ್ಷೆಯೂ ಇಲ್ಲದೆ ಅರುವತ್ತು ವರ್ಷ ಓದಿದವರ ಬರಹದ ಮುಂದೆ ಕೂತಾಗ, ನನ್ನ ಸರ್ಟಿಫಿಕೇಟಿನ ಬಗ್ಗೆ ಇದ್ದ ಜಂಬ ಸ್ವಲ್ಪ ಇಳಿಯಿತು ಎಂದು ಒಪ್ಪಿಕೊಳ್ಳುತ್ತೇನೆ.

ನಮ್ಮ ಶಾಲೆಯ ಮಕ್ಕಳಲ್ಲಿ ತುಳು ಮನೆಯವರು, ಕೊಂಕಣಿ ಮನೆಯವರು, ಬ್ಯಾರಿ ಮನೆಯವರು ಎಲ್ಲ ಇದ್ದಾರೆ. ಮನೆಯಲ್ಲಿ ಕನ್ನಡ ಇಲ್ಲ, ಹಾಗಾಗಿ ಕನ್ನಡದಲ್ಲಿ ಹಿಂದೆ, ಇಂಗ್ಲಿಷಿನಲ್ಲಿ ಇನ್ನೂ ಹಿಂದೆ ಎಂದು ಕುಗ್ಗಿದವನು ನಾನೂ ಒಬ್ಬ. ಒಬ್ಬ ಹುಡುಗನಿಗೆ ಮೂರು ಭಾಷೆ ಕಿವಿಗೆ ಬೀಳುವುದು ಹೊರೆಯಲ್ಲ, ಬಂಡವಾಳ ಎಂದು ಆಗ ಯಾರಾದರೂ ಗೋವಿಂದ ಪೈಗಳ ಬದುಕನ್ನು ವಿವರಿಸಿ ಹೇಳಿದ್ದರೆ ಚೆನ್ನಾಗಿತ್ತು. ಅದನ್ನು ಈಗಿನ ಮಕ್ಕಳಿಗೆ ಹೇಳಲಿಕ್ಕೆಂದೇ ಇಷ್ಟು ಬರೆದೆ.

ಸುವರ್ಣ ಮಹೋತ್ಸವದ ನೆನಪಿಗೆ ನಮ್ಮ ಬ್ಯಾಚಿನವರು ಸೇರಿ ಶಾಲೆಯ ಲೈಬ್ರರಿಗೆ ಗೋವಿಂದ ಪೈಗಳ ಸಂಶೋಧನ ಸಂಪುಟವನ್ನೂ ತುಳು ನಿಘಂಟಿನ ಆರು ಸಂಪುಟಗಳನ್ನೂ ಕೊಡುವುದೆಂದು ನಿಶ್ಚಯಿಸಿದ್ದೇವೆ. ಅವನ್ನು ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಡದೆ ಮಕ್ಕಳ ಕೈಗೆ ಕೊಡಬೇಕೆಂದು ಅಧ್ಯಾಪಕರಲ್ಲಿ ನಮ್ಮ ವಿನಂತಿ. ಪುಟ ಹರಿದರೆ ಅಂಟಿಸೋಣ. ವರ್ಷಕ್ಕೊಮ್ಮೆ ಒಂಬತ್ತನೆಯವರನ್ನು ಕಾರ್ಕಳದ ಬೆಟ್ಟಕ್ಕೆ ಕರೆದುಕೊಂಡು ಹೋಗಲು ಬಸ್ಸಿನ ಖರ್ಚು ನಾವು ನೋಡಿಕೊಳ್ಳುತ್ತೇವೆ. ಅಲ್ಲಿ ಆ ದಿನ ಹೇಗೆ ಗೊತ್ತು ಎಂದು ಒಬ್ಬ ಹುಡುಗನೋ ಹುಡುಗಿಯೋ ಕೇಳಿಯೇ ಕೇಳುತ್ತಾರೆ. ಉತ್ತರ ಹೇಳಲು ನಮ್ಮ ಕನ್ನಡ ಮಾಸ್ಟ್ರು ಈಗ ಇಲ್ಲ. ಅವರ ನೆನಪಿಗೂ ಈ ಬರಹವನ್ನು ಅರ್ಪಿಸುತ್ತೇನೆ.